ಕರಗಿಹೋಗುವ ಹೆಸರುಗಳು

ಲಾಡ್ಜ್ ಎಂದೊಡನೆ ನಮ್ಮ ಹುಬ್ಬಳ್ಳಿಯವರಿಗೆ ನೆನಪಾಗುವುದು ಬಸ್ ನಿಲ್ದಾಣದ ಸುತ್ತಲಿನ ವಸತಿಗೃಹಗಳು. ನಾನು ಹೇಳಹೊರಟಿರುವುದು ಫ್ರೀಮೇಸನ್ನರ ಲಾಡ್ಜನ್ನು ಕುರಿತು. ಉತ್ತರ ಹಿಂದುಸ್ತಾನದ ಜನ ಒಂದು ಕಾಲಕ್ಕೆ ಅದನ್ನು ‘ಜಾದೂಘರ್’ ಎಂದು ಕರೆಯುತ್ತಿದ್ದರು. ಆದರೆ ಮುಂದೆ ಸ್ವಾಮಿ ವಿವೇಕಾನಂದರಾದ ನರೇಂದ್ರನಾಥ ದತ್ತರೂ 1884ರಲ್ಲಿ ಕಲಕತ್ತೆಯ ಇಂಥದೊಂದು ಲಾಡ್ಜನ್ನು ಸೇರಿದ್ದರು.

ಹಲವು ವರ್ಷಗಳ ಹಿಂದೆ ದುರ್ಗದಬೈಲಿನ ಹತ್ತಿರದ ಬೆಳ್ಳಿ ಅಂಗಡಿಯೊಂದರಲ್ಲಿ, ಕರಗಿಸಲೆಂದು ತೆಗೆದಿರಿಸಿದ್ದ ಮುರುಕು ಕಾಲ್ಗೆಜ್ಜೆಗಳ ನಡುವೆ ಶಿಲುಬೆಯಾಕಾರದ ಪದಕವೊಂದು ಕಂಡಿತು. ನಡುವೆ ಗುಡಿಯೊಂದನ್ನು ಹಿಡಿದ ರೆಕ್ಕೆಯ ದೇವತೆ, ಎಡಬಲಗಳಲ್ಲಿ 1914 ಮತ್ತು 1918. ಬೆಳ್ಳಿಯ ತೂಕದ ಬೆಲೆಗೇ ಕೊಟ್ಟರು.

ಅದರ ಕಥೆ ತಿಳಿದದ್ದು ಆಮೇಲೆ. ಮೊದಲ ಮಹಾಯುದ್ಧದಲ್ಲಿ ಮಡಿದ ತಮ್ಮ ಬಾಂಧವರ ನೆನಪಿಗೆ ಇಂಗ್ಲೆಂಡಿನ ಮೇಸನ್ನರು ಲಂಡನ್ನಿನಲ್ಲಿ ಭವ್ಯ ಸಭಾಭವನವೊಂದನ್ನು ಕಟ್ಟಿದರು. 1933ರಲ್ಲಿ ಅದರ ಸಮರ್ಪಣೆಯಾಯಿತು. ಹತ್ತು ಗಿನಿ ವಂತಿಗೆ ಕೊಟ್ಟವರಿಗೆ ಈ ಬೆಳ್ಳಿ ಪದಕ. ರೂಪಾಯಿಗೆ ಒಂದೂವರೆ ಶಿಲ್ಲಿಂಗಿನ ಅಂದಿನ ದರದಲ್ಲಿ ಅದು 140 ರೂಪಾಯಿ. ಅಷ್ಟು ಹಣವನ್ನು ಲಂಡನ್ನಿನ ಕಟ್ಟಡಕ್ಕೆ ಕಳುಹಿಸಿದವನನ್ನು ಧಾರಾಳಿ ಎನ್ನಬೇಕೋ ಬೇರೇನೆನ್ನಬೇಕೋ, ಓದುಗರೇ ನಿರ್ಧರಿಸಲಿ.

ಆತ ಯಾರು? ಇಂಥ ಪದಕಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಪಡೆದವನ ಹೆಸರನ್ನೂ ಲಾಡ್ಜಿನ ಸಂಖ್ಯೆಯನ್ನೂ ಕೊರೆಸುತ್ತಿದ್ದರು. ನನ್ನದರಲ್ಲೂ ಕೊರೆದಿತ್ತು. ಮನೆಗೆ ಒಯ್ಯುವ ಮುನ್ನ ಹೊಳೆಯಲಿ ಎಂಬ ಆಸೆಯಿಂದ, ಅದನ್ನು ಓದಿ ಬರೆದುಕೊಳ್ಳದೆಯೇ, ನಾನೇ ಚಕ್ರಕ್ಕೆ ಹಿಡಿಸಿದೆ. ಪದಕ ಹೊಳೆಯಿತು, ಹೆಸರು ಹೋಯಿತು. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ 1921ರವರೆಗಿನ ಸದಸ್ಯರ ದಾಖಲೆಗಳು ಈಗ ಗಣಕಯಂತ್ರದಲ್ಲಿ ಹುಡುಕಲು ಸಿಗುತ್ತವೆ. ಹೆಸರು ಉಳಿದಿದ್ದರೆ ಆತನ ಉದ್ಯೋಗವನ್ನಾದರೂ ತಿಳಿಯಬಹುದಿತ್ತು. ರೈಲ್ವೆಯವನೋ, ವಕೀಲನೋ, ಪಾರಸಿಯೋ, ನಮ್ಮವನೋ?

ಬಿಳಿಯರ ಪದಕವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದೇಕೆಂದು ಗೆಳೆಯರೊಬ್ಬರು ಕೇಳಿದ್ದುಂಟು. ಪೂಜೆಯ ಮಾತಲ್ಲ. 1961ರಲ್ಲಿ ಭಾರತಕ್ಕೆ ತನ್ನದೇ ಗ್ರ್ಯಾಂಡ್ ಲಾಡ್ಜ್ ಬಂದಿತು; ಅದಕ್ಕೂ ಬಹಳ ಮೊದಲೇ ನಮ್ಮ ದೇಶದವರು ಆ ಬಾಗಿಲನ್ನು ದಾಟಿದ್ದರು. ಅವರು ಅಲ್ಲಿ ಆಂಗ್ಲರ ಪಕ್ಕದಲ್ಲಿ ಹೇಗೆ ಕುಳಿತರು, ಏನು ಕೊಟ್ಟರು ಎಂಬುದು ನಮ್ಮದೇ ಚರಿತ್ರೆ. ಕೆಲವು ಸಂಗ್ರಾಹಕರು ಹರಿದ ಪಟ್ಟಿಯನ್ನು ತೆಗೆದು ಹೊಸದನ್ನು ಹಾಕುತ್ತಾರೆ, ಒಂದರ ಕೊಂಡಿಯನ್ನು ಇನ್ನೊಂದಕ್ಕೆ ಜೋಡಿಸುತ್ತಾರೆ. ಅದು ಸಂಗ್ರಹವಲ್ಲ, ಅಲಂಕಾರ. ಹೆಸರಿರುವ ಕಪ್ಪಿಟ್ಟ ಪದಕವೊಂದು ಹೆಸರಿಲ್ಲದ ಹತ್ತು ಹೊಳೆಯುವ ಪದಕಗಳಿಗಿಂತ ಮೇಲು.

ಅಜ್ಜನ ಟ್ರಂಕಿನಲ್ಲಿ ಇಂಥದೇನಾದರೂ ಸಿಕ್ಕರೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಮಾರುವುದಿದ್ದರೂ ಮಾರಿ, ತಪ್ಪೇನಿಲ್ಲ. ಪತ್ತಾರರ ಕೈಗೆ ಕೊಡುವ ಮೊದಲು ಹಿಂಬದಿಯ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಪದಕವನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಕೊನೆಯ ಎರಡು ಅಕ್ಷರಗಳು ಇಂದಿಗೂ ಮಸುಕಾಗಿ ಕಾಣುತ್ತವೆ.