ರಕ್ತದ ಕ್ಯಾನ್ಸರ್: ಕಸಿಗೆ ಮುಂಚಿನ ನಾಲ್ಕಾರು ತಿಂಗಳು ಮತ್ತು ಶ್ರಾವಕರ ಆಹಾರ ನಿಯಮ

ಕಲಬುರಗಿ ನಗರಕ್ಕೆ ಹೊಂದಿಕೊಂಡ ತಾಜಸುಲ್ತಾನಪುರವಿರಲಿ, ಕಮಲಾಪುರದ ಕಡೆಯ ಹಳ್ಳಿಗಳಿರಲಿ, ಮನೆಯ ಹಿರಿಯರಿಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇದೆಯೆಂದು ಗೊತ್ತಾದಾಗ ಕುಟುಂಬದ ಮುಂದೆ ಮೊದಲು ಬರುವುದು ದೂರದ ಲೆಕ್ಕ. ಕಿಮೋಥೆರಪಿಗೆ ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರವಿದೆ. ಅಸ್ಥಿಮಜ್ಜೆ ಕಸಿ ಎಂದರೆ ಸಾಮಾನ್ಯವಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೊರಡಬೇಕು. 2024ರಲ್ಲಿ ವಂದೇ ಭಾರತ್ ರೈಲು ಬಂದ ಮೇಲೆ ಬೆಂಗಳೂರಿನ ದಾರಿ ತುಸು ಹಗುರವಾಗಿದೆ. ಹಣ, ರಜೆ, ಉಳಿಯುವ ಜಾಗ ಎಲ್ಲವನ್ನೂ ಮಕ್ಕಳು ಹೊಂದಿಸುತ್ತಾರೆ. ರೋಗಿಯ ದೇಹವನ್ನು ಕಸಿಗೆ ಹೊಂದಿಸುವ ಕೆಲಸ ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಮೈಲೋಮಾದಲ್ಲಿ ಹೆಚ್ಚಾಗಿ ನಡೆಯುವುದು ರೋಗಿಯದೇ ಕಾಂಡಕೋಶಗಳನ್ನು ಮೊದಲೇ ತೆಗೆದಿಟ್ಟು, ಮೆಲ್ಫಲಾನ್ ಎಂಬ ತೀವ್ರ ಔಷಧ ಕೊಟ್ಟು, ಆ ಕೋಶಗಳನ್ನು ಮತ್ತೆ ರಕ್ತಕ್ಕೆ ಸೇರಿಸುವ ಕಸಿ. ಆಸ್ಪತ್ರೆಯಲ್ಲಿ ಎರಡು ಮೂರು ವಾರ ಇರಬೇಕಾಗುತ್ತದೆ. ಹಿಂದೆ 65 ದಾಟಿದವರಿಗೆ ಈ ಚಿಕಿತ್ಸೆ ಬೇಡ ಎನ್ನುವುದೇ ವಾಡಿಕೆಯಾಗಿತ್ತು. ಈಗ ವೈದ್ಯರು ಹುಟ್ಟಿದ ವರ್ಷಕ್ಕಿಂತ ಹೃದಯ, ಮೂತ್ರಪಿಂಡ, ನಡಿಗೆಯ ವೇಗ, ಕೈ ಹಿಡಿತದ ಬಲ, ಕುರ್ಚಿಯಿಂದ ಕೈ ಊರದೆ ಏಳುವ ಶಕ್ತಿ ಇವನ್ನು ನೋಡುತ್ತಾರೆ. ಇವುಗಳಲ್ಲಿ ಕೆಲವನ್ನು ಸುಧಾರಿಸಲು ಸಾಧ್ಯ. ರೋಗ ಗೊತ್ತಾದ ದಿನದಿಂದ ಕಸಿಯವರೆಗೆ ಕಿಮೋ ನಡೆಯುವ ನಾಲ್ಕಾರು ತಿಂಗಳು ಸಿಗುತ್ತವೆ. ನಮ್ಮ ಮನೆಗಳಲ್ಲಿ ವ್ಯರ್ಥವಾಗುತ್ತಿರುವುದು ಆ ಅವಧಿಯೇ.

ವ್ಯರ್ಥವಾಗುವುದು ಪ್ರೀತಿಯಿಂದಲೇ. ಹಿಂದಿನ ವರ್ಷ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಿ ಇಳಿದಿದ್ದ ಅಜ್ಜನಿಗೆ ಕಾಯಿಲೆಯ ಹೆಸರು ಕೇಳಿದ ಮರುದಿನದಿಂದ ನೀರಿನ ಲೋಟವೂ ಕೈಗೇ ಬರುತ್ತದೆ. ಮೈಲೋಮಾ ಚಿಕಿತ್ಸೆಯಲ್ಲಿ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ತೊಡೆಯ ಸ್ನಾಯುಗಳನ್ನು ಬಲಗುಂದಿಸುತ್ತದೆ, ಸಕ್ಕರೆ ಅಂಶವನ್ನೂ ಏರಿಸುತ್ತದೆ. ಬೊರ್ಟೆಜೊಮಿಬ್‌ನಿಂದ ಪಾದ ಜೋಮು ಹಿಡಿಯಬಹುದು. ಇದರ ಮೇಲೆ ಹಾಸಿಗೆಯ ವಿಶ್ರಾಂತಿಯೂ ಸೇರಿದರೆ ಕಸಿಗೆ ಹೊರಡುವ ಹೊತ್ತಿಗೆ ಆ ಅಜ್ಜ ಬಚ್ಚಲಿಗೂ ಒಬ್ಬರನ್ನು ಹಿಡಿದು ನಡೆಯುವಂತಾಗಿರುತ್ತಾರೆ.

ವೈದ್ಯರು ಹೇಳುವ ವ್ಯಾಯಾಮ ದೊಡ್ಡದೇನಲ್ಲ. ದಿನವೂ ನಡಿಗೆ, ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ರಬ್ಬರ್ ಪಟ್ಟಿ ಎಳೆಯುವುದು, ಉಸಿರಾಟದ ಅಭ್ಯಾಸ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ನಡಿಗೆ ಬೆಳಗಿನ ಜಾವಕ್ಕೇ ಮುಗಿಯಬೇಕು. ಮೈಲೋಮಾ ಮೂಳೆಯನ್ನು ಟೊಳ್ಳು ಮಾಡುವ ರೋಗ ಎಂಬುದನ್ನು ಮಾತ್ರ ಮರೆಯಬಾರದು. ಬೆನ್ನುಮೂಳೆಗೆ ಪೆಟ್ಟಾಗಿದೆಯೇ ಎಂದು ವೈದ್ಯರನ್ನು ಕೇಳದೆ ಕೊಡ ಎತ್ತುವುದು, ಬಸದಿಯಲ್ಲಿ ನೆಲಕ್ಕೆ ಬಾಗಿ ನಮಸ್ಕರಿಸುವುದು ಬೇಡ. ಜ್ವರ ಬಂದಾಗ, ಪ್ಲೇಟ್‌ಲೆಟ್ ತೀರಾ ಇಳಿದಾಗ ವ್ಯಾಯಾಮ ನಿಲ್ಲಿಸಬೇಕು. ಬೆನ್ನುನೋವಿಗೆಂದು ಅಂಗಡಿಯಿಂದ ತಂದ ಐಬುಪ್ರೊಫೇನ್‌ನಂಥ ಮಾತ್ರೆ ಈ ರೋಗಿಗಳ ಮೂತ್ರಪಿಂಡವನ್ನೇ ಕೆಡಿಸಬಹುದು.

ಊಟದ ವಿಷಯದಲ್ಲಿ ಜೈನ ಮನೆಗಳ ಪರಿಸ್ಥಿತಿ ಬೇರೆಯೇ. ಆಸ್ಪತ್ರೆಯ ಆಹಾರ ಪಟ್ಟಿಯಲ್ಲಿ ಮೊಟ್ಟೆ ಕಂಡೊಡನೆ ಇಡೀ ಪಟ್ಟಿಯನ್ನೇ ಮಡಚಿಡುವುದುಂಟು. ನಿಯಮದ ಸಂಗತಿಯನ್ನು ವೈದ್ಯರಿಗೆ ಹೇಳದೆ ಮುಚ್ಚಿಡುವುದೂ ಉಂಟು. ಕ್ಯಾನ್ಸರ್ ರೋಗಿಗೆ ದೇಹತೂಕದ ಕಿಲೋಗೆ ಕನಿಷ್ಠ 1 ಗ್ರಾಂ, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್ ಬೇಕು ಎಂಬುದು ಪೋಷಣಾ ತಜ್ಞರ ಶಿಫಾರಸು. ಕಿಲೋಗೆ 1.2 ಗ್ರಾಂ ಎಂದು ಹಿಡಿದರೂ 60 ಕಿಲೋ ತೂಕದವರಿಗೆ 72 ಗ್ರಾಂ ಆಯಿತು. ದಿನಕ್ಕೆ 200 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ, 60 ಗ್ರಾಂ ತೊಗರಿಬೇಳೆ, ಒಂದು ಲೋಟ ಹಾಲು ಸೇರಿದರೆ ಸುಮಾರು 40 ಗ್ರಾಂ. ಅದಕ್ಕೆ ಒಂದು ಹಿಡಿ ಶೇಂಗಾ, ಒಂದು ಬಟ್ಟಲು ಮೊಸರು, 100 ಗ್ರಾಂ ಪನೀರ್ ಸೇರಿಸಿದರೆ ಲೆಕ್ಕ ಮುಟ್ಟುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ತೊಗರಿ ಬೆಳೆಯುವ ಜಿಲ್ಲೆಯಲ್ಲಿ ಇದಕ್ಕೆ ಮೊಟ್ಟೆ ಬೇಕೇ ಬೇಕೆಂದೇನಿಲ್ಲ. ದ್ವಿದಳ ದೋಷ ಪಾಲಿಸುವವರು ಬೇಳೆಯನ್ನು ಒಂದು ಊಟಕ್ಕೆ, ಮೊಸರನ್ನು ಇನ್ನೊಂದಕ್ಕೆ ಇಟ್ಟುಕೊಂಡರಾಯಿತು. ಮೂತ್ರಪಿಂಡ ಸೋತವರಿಗೆ ಈ ಲೆಕ್ಕ ಬದಲಾಗುತ್ತದೆ, ಅವರಿಗೆ ವೈದ್ಯರು ಹೇಳಿದ್ದೇ ಪ್ರಮಾಣ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ್ದರಿಂದ ರಕ್ತಪರೀಕ್ಷೆಯಲ್ಲಿ ಅದನ್ನೂ ನೋಡಿಸಬೇಕು.

ಕಠಿಣವಾದದ್ದು ಹೊತ್ತಿನ ಪ್ರಶ್ನೆ. ರಾತ್ರಿ ಭೋಜನ ತ್ಯಾಗದವರಿಗೆ ಚಳಿಗಾಲದಲ್ಲಿ ಆರು ಗಂಟೆಯೊಳಗೇ ಊಟ ಮುಗಿಯುತ್ತದೆ. ಬೆಳಗ್ಗೆ ಏಳರಿಂದ ಸಂಜೆಯವರೆಗೆ ನಾಲ್ಕು ಸಣ್ಣ ಊಟ ಹೊಂದಿಸಿಕೊಂಡರೆ ಆಹಾರಕ್ಕೆ ತೊಂದರೆಯಿಲ್ಲ. ನೀರಿನದು ಹಾಗಲ್ಲ. ಮೈಲೋಮಾ ರೋಗಿಯ ಮೂತ್ರಪಿಂಡಕ್ಕೆ ನೀರೇ ರಕ್ಷಣೆ. ಹದಿಮೂರು ತಾಸು ನೀರಿಲ್ಲದೆ ಇರಬಹುದೇ ಎಂಬುದನ್ನು ವೈದ್ಯರ ಜೊತೆ ಮೊದಲು, ವ್ರತ ಕೊಟ್ಟ ಮುನಿಗಳ ಜೊತೆ ಆಮೇಲೆ ಮುಕ್ತವಾಗಿ ಮಾತಾಡಬೇಕು. ದಶಲಕ್ಷಣ ಪರ್ವ ಕಿಮೋ ನಡುವೆ ಬಂದರೆ ಉಪವಾಸ, ಏಕಾಸನದ ಬದಲು ಸ್ವಾಧ್ಯಾಯ ಹಿಡಿಯುವುದು ಲೇಸು. ನಮ್ಮ ಕೆಲವು ಪದ್ಧತಿಗಳು ಕಸಿಯ ಹೊತ್ತಿಗೆ ಒದಗಿಯೂ ಬರುತ್ತವೆ: ಸೋಸಿ ಕಾಯಿಸಿದ ನೀರು, ಆಗಿಂದಾಗ ಮಾಡಿದ ಬಿಸಿ ಅಡುಗೆ, ಹಸಿ ಮೊಳಕೆ ಕಾಳಿನ ವರ್ಜನೆ. ಬಿಳಿ ರಕ್ತಕಣ ಇಳಿದಾಗ ಆಸ್ಪತ್ರೆಯವರು ಹೇಳುವುದೂ ಇದನ್ನೇ.

ಇಂಥ ಪೂರ್ವಸಿದ್ಧತೆಯ ಮೇಲೆ ಹೊರದೇಶಗಳಲ್ಲಿ ನಡೆದ ಅಧ್ಯಯನಗಳು ಹೆಚ್ಚಿನವು ಸಣ್ಣವು. ಹಿರಿಯರು ಇದನ್ನು ಮಾಡಬಲ್ಲರು, ನಡೆಯುವ ಶಕ್ತಿ ಸುಧಾರಿಸುತ್ತದೆ ಎಂದು ಅವು ತೋರಿಸಿವೆ. ಆಯುಷ್ಯ ಹೆಚ್ಚುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಕಸಿ ಎಲ್ಲರಿಗೂ ಹೊಂದುವುದೂ ಇಲ್ಲ.

ಸಲ್ಲೇಖನದ ಮಾತು ಕೆಲವು ಮನೆಗಳಲ್ಲಿ ಬೇಗನೆ ಬಂದುಬಿಡುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರ ಸಲ್ಲೇಖನವನ್ನು ಹೇಳುವುದು ಪರಿಹಾರವಿಲ್ಲದ ರೋಗಕ್ಕೆ, ಪರಿಹಾರವಿಲ್ಲದ ಮುಪ್ಪಿಗೆ. ಮೈಲೋಮಾ ಪೂರ್ತಿ ಗುಣವಾಗುವುದು ಅಪರೂಪ, ಆದರೆ ಚಿಕಿತ್ಸೆಯಿಂದ ವರ್ಷಗಟ್ಟಲೆ ಹತೋಟಿಯಲ್ಲಿರಬಲ್ಲದು. ಪರಿಹಾರ ಇದೆಯೇ ಇಲ್ಲವೇ ಎಂಬುದು ತಜ್ಞರ ಪರೀಕ್ಷೆಯಿಂದ ತಿಳಿಯಬೇಕಾದ್ದು, ಅಜ್ಜ ಸೋತು ಮಲಗಿರುವುದನ್ನು ನೋಡಿ ಊಹಿಸುವುದಲ್ಲ.

ಸಮಾಜದ ಔಷಧದಾನವೂ ಇಲ್ಲಿ ದಿಕ್ಕು ಬದಲಿಸಬಹುದು. ನೆರವೆಲ್ಲ ಆಸ್ಪತ್ರೆಯ ಕೊನೆಯ ಬಿಲ್ಲಿಗೇ ಹೋಗುತ್ತದೆ. ಕಸಿಗೆ ಮುಂಚೆ ವಾರಕ್ಕೊಮ್ಮೆ ಮನೆಗೆ ಬರುವ ಫಿಸಿಯೋಥೆರಪಿಸ್ಟ್‌ನ ಶುಲ್ಕ, ಬಡ ಮನೆಗೆ ತಿಂಗಳ ಹಾಲು, ಪನೀರು, ಬೇಳೆ, ಬೆಂಗಳೂರಿನ ಆಸ್ಪತ್ರೆಯ ಹತ್ತಿರ ಸೂರ್ಯಾಸ್ತಕ್ಕೆ ಮುನ್ನ ಊಟ ಸಿಗುವ ಒಂದು ಅಡುಗೆಮನೆ, ಇವು ಒಂದು ಬಸದಿ ಸಮಿತಿಯ ಕೈಯಳತೆಯಲ್ಲೇ ಇರುವ ಖರ್ಚುಗಳು.