ಬೇವಿನ ಜೊತೆ ಒಂದು ಮಾತು



ಈ ಯುಗಾದಿಗೆ ನನ್ನ ಕಿರಿಮಗಳು, "ಬೇವು ಯಾಕಮ್ಮಾ ತಿನ್ನಬೇಕು?" ಅಂತ ಕೇಳಿದಳು. ಒಲೆ ಮುಂದಿದ್ದ ನಾನು, "ಸುಮ್ನೆ ತಿನ್ನೇ" ಅಂದುಬಿಟ್ಟೆ. ಆಮೇಲೆ ಯಹೂದ್ಯರ ಪಸ್ಕ ಹಬ್ಬದ ವಿಷಯ ಓದಿದಾಗ ನನ್ನ ಉತ್ತರಕ್ಕೆ ನನಗೇ ನಾಚಿಕೆಯಾಯಿತು.

ನಮ್ಮ ಹಿರಿಯೂರಿನಲ್ಲಿ ನಾನು ಯಹೂದ್ಯರನ್ನು ಕಂಡಿಲ್ಲ. ಆದರೆ ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಅವರ ಪ್ರಾರ್ಥನಾ ಮಂದಿರವಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಅವರ ಸ್ಮಶಾನವಿದೆ. ಕೊಂಕಣ ತೀರದ ಬೆನೆ ಇಸ್ರೇಲರು ಶತಮಾನಗಳಿಂದ ನಮ್ಮ ದೇಶದವರೇ.

ಅವರದೂ ಅಧಿಕಮಾಸ ಸೇರಿಸುವ ಪಂಚಾಂಗ. ಹೆಚ್ಚಿನ ವರ್ಷ ಪಸ್ಕ ಬರುವುದು ನಮ್ಮ ದವನದ ಹುಣ್ಣಿಮೆಯ ಹೊತ್ತಿಗೆ. ಈಜಿಪ್ಟಿನಲ್ಲಿ ಜೀತಕ್ಕಿದ್ದ ಹಿರಿಯರು ಮೋಶೆಯ ಹಿಂದೆ ಹೊರಟು ಬಿಡುಗಡೆಯಾದರಂತೆ, ಅದರ ನೆನಪಿಗೆ ಈ ಹಬ್ಬ. ಹೊರಡುವ ಅವಸರದಲ್ಲಿ ಕಲಸಿದ ಹಿಟ್ಟು ಹುಳಿ ಬರಲಿಲ್ಲ. ಅದಕ್ಕೇ ಎಂಟು ದಿನ (ಇಸ್ರೇಲಿನಲ್ಲಿ ಏಳು) ಹುಳಿ ಬಂದ ರೊಟ್ಟಿ ಮನೆಯಲ್ಲಿ ಇರಕೂಡದು. ಮುನ್ನಾದಿನ ರಾತ್ರಿ ದೀಪ ಹಿಡಿದು ಮೂಲೆಮೂಲೆಯ ಚೂರನ್ನೂ ಹುಡುಕುತ್ತಾರೆ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ರೊಟ್ಟಿ ಬೆಂದಿರಬೇಕು! ಬೆನೆ ಇಸ್ರೇಲರು ಹಿಂದೆ ಇದನ್ನು ಹುಳಿಯ ಗಡಿಗೆ ಮುಚ್ಚುವ ಹಬ್ಬ ಎನ್ನುತ್ತಿದ್ದರಂತೆ.

ರಾತ್ರಿ ಊಟಕ್ಕೆ ಕಹಿ ಸೊಪ್ಪು ಬಡಿಸುತ್ತಾರೆ, ಅದು ಜೀತದ ಕಹಿ. ಉಪ್ಪುನೀರು ಕಣ್ಣೀರು. ಖರ್ಜೂರದ ಪಾಕಕ್ಕೆ ಅಕ್ರೋಟಿನ ತರಿ ಬೆರೆಸಿಡುತ್ತಾರೆ, ಅದು ಅವರು ತುಳಿದ ಇಟ್ಟಿಗೆ ಮಣ್ಣು. ಆಗ ಮನೆಯ ಅತಿ ಕಿರಿಯ ಮಗು, "ಈ ರಾತ್ರಿ ಯಾಕೆ ಬೇರೆ ಥರ?" ಎಂದು ಕೇಳಬೇಕು. ದೊಡ್ಡವರು ಕಥೆ ಹೇಳಲೇಬೇಕು. 'ಸುಮ್ನೆ ತಿನ್ನು' ಅನ್ನುವಂತಿಲ್ಲ!

ಮರುದಿನ ಮಗಳನ್ನು ಅತ್ತೆಯವರ ಬಳಿ ಕೂರಿಸಿ, "ಅಜ್ಜಿ ಕಂಡ ಕಹಿ ಕೇಳು" ಅಂದೆ. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲೇ. ನಡುವಿನ ಒಂದು ಬರಗಾಲದಲ್ಲಿ ಅತ್ತೆ ಮಕ್ಕಳಿಗೆ ಅಂಬಲಿ ಕುಡಿಸಿ, ತಾವು ಬರೀ ನೀರು ಕುಡಿದು ಮಲಗುತ್ತಿದ್ದರಂತೆ. ಮುದ್ದೆಗೆ ಹಿಟ್ಟು ಹಾಕುವಾಗಲೆಲ್ಲ ಅವರು ಒಂದು ಹಿಡಿ ತೆಗೆದಿಡುವುದನ್ನು ಕಂಡು ನಾನು ಒಳಗೊಳಗೇ ನಕ್ಕದ್ದುಂಟು. ಇಪ್ಪತ್ತು ವರ್ಷ ಜೊತೆಗಿದ್ದೂ ಕಾರಣ ಕೇಳಿರಲಿಲ್ಲ.

ಈಗ ಆ ಹಿಡಿ ಹಿಟ್ಟನ್ನು ಮಗಳೇ ತೆಗೆದಿಡುತ್ತಾಳೆ.

ಬರುವ ಯುಗಾದಿಗೆ ನೀವೂ ಬೇವಿನ ಜೊತೆ ಮನೆಯ ಹಿರಿಯರದೊಂದು ಮಾತನ್ನೂ ಮಕ್ಕಳಿಗೆ ಬಡಿಸಿ. ಕೇಳುವ ಮಗುವನ್ನು ಮಾತ್ರ ಗದರಬೇಡಿ.