ಹವಳವನ್ನು ಬೆಳೆಸುವುದೋ, ಸಾಕುವುದೋ?

ಹೋದ ವರ್ಷ ನನಗೊಂದು ಸಣ್ಣ ಕೆಲಸ ಬಂದಿತ್ತು. ಅಕ್ವೇರಿಯಂ ಪಂಪು, ದೀಪಗಳನ್ನು ಮಾರುವ ವಿದೇಶಿ ಕಂಪನಿಯೊಂದು ತನ್ನ ಮೊಬೈಲ್ ಆ್ಯಪನ್ನು ಭಾರತದ ಕೆಲವು ಭಾಷೆಗಳಿಗೆ ಅನುವಾದ ಮಾಡಿಸುತ್ತಿತ್ತು. ಕನ್ನಡದ ಪಾಲು ನನ್ನದು. ನಾನೂರು ಚಿಲ್ಲರೆ ತುಣುಕು ವಾಕ್ಯಗಳು, ಒಂದೊಂದಕ್ಕೂ ಅಕ್ಷರಗಳ ಮಿತಿ. ಮೊದಲ ಪರದೆಯ ಮೂರು ಗುಂಡಿಗಳಲ್ಲಿ ಒಂದು ಮೀನಿಗೆ, ಒಂದು ಗಿಡಕ್ಕೆ, ಇನ್ನೊಂದು ಹವಳಕ್ಕೆ. ಮೀನನ್ನು ಸಾಕುತ್ತೇವೆ, ಗಿಡವನ್ನು ಬೆಳೆಸುತ್ತೇವೆ. ಹವಳವನ್ನು ಏನು ಮಾಡುತ್ತೇವೆ?

ಇಂಥ ಅನುಮಾನಗಳನ್ನು ಬರೆಯಲೆಂದೇ ನಮಗೊಂದು ಪ್ರಶ್ನೆಪಟ್ಟಿ ಕೊಟ್ಟಿರುತ್ತಾರೆ. ‘ಹವಳ ಪ್ರಾಣಿ. ಕನ್ನಡದಲ್ಲಿ ಪ್ರಾಣಿಗೊಂದು ಕ್ರಿಯಾಪದ, ಗಿಡಕ್ಕೊಂದು ಕ್ರಿಯಾಪದ. ಯಾವುದನ್ನು ಬಳಸಲಿ?’ ಎಂದು ಕೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ‘ಯಾವುದು ಚಿಕ್ಕದೋ ಅದು.’ ಚಿಕ್ಕದು ‘ಸಾಕು’. ಆದರೆ ಗುಂಡಿಯ ಮೇಲೆ ಬರೀ ‘ಸಾಕು’ ಎಂದು ಬರೆದರೆ, ಒತ್ತಿದ ಕೂಡಲೇ ಪಂಪು ನಿಂತುಹೋಗುತ್ತದೆ ಎಂದು ಯಾರಾದರೂ ತಿಳಿದಾರು. ಹಾಗಾಗಿ ‘ಬೆಳೆಸು’ ಗೆದ್ದಿತು. ಬಿಲ್ಲು ಕಳಿಸಿದೆ, ದುಡ್ಡೂ ಬಂತು. ಆದರೆ ತಪ್ಪು ಪದ ಗೆದ್ದಿತೆಂಬ ಕಿರಿಕಿರಿ ಮಾತ್ರ ಹೋಗಲಿಲ್ಲ. ನಮ್ಮ ನಗರಗಳ ಫ್ಲ್ಯಾಟುಗಳಲ್ಲಿ ಕದ್ದುಮುಚ್ಚಿ ಬೆಳೆಯುತ್ತಿರುವ ಈ ಹವ್ಯಾಸದ ಗೊಂದಲವೆಲ್ಲ ಆ ಒಂದು ಕ್ರಿಯಾಪದದಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಈ ಹವ್ಯಾಸ ನನಗೆ ಪರಿಚಯವಾದದ್ದು ಚೆನ್ನೈಯಲ್ಲಿರುವ ಚಿಕ್ಕಪ್ಪನ ಮಗ, ಅಣ್ಣನಿಂದ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆ ಹವಳಗಳು ಈಗಿಲ್ಲ. ಲಾಕ್‌ಡೌನಿನಲ್ಲಿ ಹಾಲಿನ ಒಂದು ಗೋಡೆಗೆ ನಾಲ್ಕಡಿಯ ಗಾಜಿನ ಟ್ಯಾಂಕ್ ಬಂತು. ಮೊದಲು ಮೀನು, ಆಮೇಲೆ ಕಲ್ಲು, ಆಮೇಲೆ ಕಲ್ಲಿಗೆ ಅಂಟಿಸಿದ ಹೆಬ್ಬೆರಳಿನಷ್ಟು ಉದ್ದದ ಹವಳದ ಕಡ್ಡಿಗಳು. ವಿಡಿಯೊ ಕರೆ ಮಾಡಿದಾಗಲೆಲ್ಲ ನನ್ನ ಮುಖಕ್ಕಿಂತ ಟ್ಯಾಂಕಿನ ಕಡೆಗೇ ಅವನ ಫೋನ್ ತಿರುಗಿರುತ್ತಿತ್ತು.

‘ಹವಳ’ ಎಂದರೆ ನಮಗೆ ಮೊದಲು ನೆನಪಾಗುವುದು ಉಂಗುರ. ಸಂಸ್ಕೃತದ ಪ್ರವಾಳ ಪ್ರಾಕೃತದಲ್ಲಿ ಪವಾಳವಾಗಿ, ಹಳಗನ್ನಡದಲ್ಲಿ ಪವಳವಾಗಿ, ಪಾಲು ಹಾಲಾದ ಹಾಗೆ ಹವಳವಾಯಿತು. ಅಣ್ಣನ ನೆರೆಮನೆಯ ತಮಿಳರ ಬಾಯಲ್ಲಿ ಅದು ಇವತ್ತಿಗೂ ಪವಳಂ. ಕುಜದೋಷಕ್ಕೆಂದು ಬೆರಳಿಗೆ ಹಾಕಿಕೊಳ್ಳುವ ಆ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು, ಅದರ ಪಾಲಿಪ್ಪಿಗೆ ಎಂಟು ಗ್ರಹಣಾಂಗಗಳು. ದಿಬ್ಬ ಕಟ್ಟುವ ಕಲ್ಲುಹವಳದ್ದು ಬೇರೆಯೇ ಮನೆತನ, ಆರು ಅಥವಾ ಆರರ ಲೆಕ್ಕದಲ್ಲಿ ಗ್ರಹಣಾಂಗಗಳು. ಒಂದು ಕೊಂಬೆಯಲ್ಲಿ ಇಂಥ ನೂರಾರು ಪಾಲಿಪ್‌ಗಳು, ಪ್ರತಿಯೊಂದಕ್ಕೂ ಒಂದು ಬಾಯಿ. ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಮನೆಯೊಡೆಯನಿಗೆ ಕೊಡುತ್ತದೆ. ಆ ಶಕ್ತಿಯಿಂದ ಹವಳ ತನ್ನಡಿಗೆ ತಾನೇ ಸುಣ್ಣದ ಕಲ್ಲು ಕಟ್ಟಿಕೊಳ್ಳುತ್ತ ಮೇಲೇರುತ್ತದೆ. ಪ್ರಾಣಿ, ಪಾಚಿ, ಕಲ್ಲು ಮೂರೂ ಒಂದೇ ಜೀವದಲ್ಲಿ. ಭಾಷೆ ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯವಿಲ್ಲ.

ಕಲ್ಲುಹವಳದ ಟ್ಯಾಂಕೆಂದರೆ ನಿಜಕ್ಕೂ ಸುಣ್ಣದ ಲೆಕ್ಕ. ನೀರಿನ ಉಪ್ಪು ಸಾವಿರಕ್ಕೆ 35 ಪಾಲು, ಬಿಸಿ 25-26 ಡಿಗ್ರಿ, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, ಇದರ ಜೊತೆಗೆ ಕ್ಷಾರಗುಣ. ಹವಳಗಳು ದೊಡ್ಡದಾದಷ್ಟೂ ಕ್ಯಾಲ್ಸಿಯಂ ಮತ್ತು ಕ್ಷಾರ ಎರಡನ್ನೂ ದಿನಾ ನೀರಿನಿಂದ ಎಳೆದುಕೊಳ್ಳುತ್ತವೆ. ಎಳೆದುಕೊಂಡಷ್ಟನ್ನು ದಿನಾ ವಾಪಸ್ ಕೊಡಬೇಕು. ಅಂಕಿ ಎಷ್ಟು ಎನ್ನುವುದಕ್ಕಿಂತ ಅದು ಅಲುಗಾಡದೆ ನಿಲ್ಲುವುದು ಮುಖ್ಯ. ಒಂದೇ ದಿನ ಕ್ಷಾರ ಏರಿ ಇಳಿದರೆ ಕೊಂಬೆಯ ತುದಿ ಸುಟ್ಟಂತಾಗುತ್ತದೆ. ಇದನ್ನು ನಿಭಾಯಿಸಲು ಜರ್ಮನ್ ಹವ್ಯಾಸಿಗಳು ಬಳಕೆಗೆ ತಂದ ಹಳೆಯ ಉಪಾಯದ ಹೆಸರು ಕಾಲ್ಕ್‌ವಾಸರ್. ಹೆಸರು ದೊಡ್ಡದು, ವಸ್ತು ತಿಳಿಸುಣ್ಣದ ನೀರು. ಹೊನ್ನಾವರದಿಂದ ಬಂದಿದ್ದ ಚಿಕ್ಕಮ್ಮ ಅಣ್ಣನ ಡಬ್ಬಿಯ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ‘ಇದು ನನ್ನ ಎಲೆಯಡಿಕೆ ಸುಣ್ಣವೇ ಅಲ್ಲವೋ! ಹಾಗಾದರೆ ಒಂದು ಎಲೆಯನ್ನೂ ಕೊಡು ಅದಕ್ಕೆ’ ಎಂದಿದ್ದರು.

ಈ ಹವ್ಯಾಸದ ಬಗ್ಗೆ ನನಗೆ ತಾತ್ಸಾರವಿಲ್ಲ. ಬರ್ಲಿನ್ನಿನ ಡೀಟ್ರಿಷ್ ಸ್ಟ್ಯೂಬರ್ ಎಂಬ ಹವ್ಯಾಸಿ 1980ರ ದಶಕದಲ್ಲಿ ತನ್ನ ಟ್ಯಾಂಕಿನಲ್ಲಿ ಅಕ್ರೊಪೋರ ಎಂಬ ಕೊಂಬೆಹವಳವನ್ನು ಬೆಳೆಸಿ, ಮುರಿದು, ಸ್ನೇಹಿತರಿಗೆ ಹಂಚಿದ. ಅದರ ತುಂಡಿನ ತುಂಡುಗಳು ಯುರೋಪಿನ ಎಷ್ಟೋ ಮನೆಗಳಿಗೆ ಹೋದವು, ಅಮೆರಿಕಕ್ಕೂ ದಾಟಿದವು. ದಾಸವಾಳದ ಕಡ್ಡಿಯನ್ನು ಆಚೀಚೆ ಮನೆಯವರು ಒಯ್ದು ನೆಟ್ಟ ಹಾಗೆ. ಅಲ್ಲಿಯವರೆಗೆ ಕಲ್ಲುಹವಳ ಮನೆಯಲ್ಲಿ ಬದುಕುವುದೇ ಕಷ್ಟ ಎಂಬ ನಂಬಿಕೆಯಿತ್ತು. ಜೀವವಿಜ್ಞಾನದ ಪ್ರಯೋಗಾಲಯಗಳು ಜೀವಕೋಶಗಳನ್ನು ಗುರುತಿಸಲು ಬಳಸುವ ಹೊಳೆಯುವ ಕೆಂಪು ಪ್ರೋಟೀನ್ ಇದೆಯಲ್ಲ, 1999ರಲ್ಲಿ ರಷ್ಯದ ವಿಜ್ಞಾನಿಗಳು ಪ್ರಕಟಿಸಿದ್ದು, ಅದು ಸಿಕ್ಕಿದ್ದು ಕಲ್ಲುಹವಳದ ಹತ್ತಿರದ ಸಂಬಂಧಿಯೊಂದರಲ್ಲಿ. ಆ ಜೀವಿ ಬಂದದ್ದು ಮಾಸ್ಕೋದ ಅಕ್ವೇರಿಯಂನಿಂದ. ಮುರಿದ ಹವಳದ ದಿಬ್ಬಗಳನ್ನು ಮತ್ತೆ ಕಟ್ಟಲು ಹೊರಟವರೂ ಹವಳವನ್ನು ತುಂಡು ಮಾಡಿ ಅಂಟಿಸುವ ಇದೇ ಕೈಕೆಲಸವನ್ನು ನಂಬಿದ್ದಾರೆ.

ನನ್ನ ತಕರಾರು ಬಣ್ಣದಿಂದ ಶುರುವಾಗುತ್ತದೆ. ನಾನು ಮೊದಲು ಜೀವಂತ ಹವಳ ನೋಡಿದ್ದು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ಹತ್ತಿರ, ಮೂತಿಗೆ ಕೊಳವೆ ಕಟ್ಟಿಕೊಂಡು ಮುಳುಗಿ. ಸತ್ಯ ಹೇಳಬೇಕೆಂದರೆ ನಿರಾಸೆಯಾಗಿತ್ತು. ಕಂದು, ಹಸಿರುಗಂದು, ಮಾಸಲು ಹಳದಿ. ಮೀನುಗಳಿಗೇ ಹೆಚ್ಚು ಬಣ್ಣವಿತ್ತು. ಆಮೇಲೆ ತಿಳಿಯಿತು, ಆ ಕಂದು ಹವಳದೊಳಗಿನ ಪಾಚಿಯದ್ದು, ಅಂದರೆ ಬಾಡಿಗೆದಾರ ಸುಖವಾಗಿದ್ದಾನೆ ಎಂದರ್ಥ. ನೇರಳೆ, ಗುಲಾಬಿ, ಮಿಂಚುಹಸಿರು ಹವಳದ್ದೇ ಪ್ರೋಟೀನುಗಳು. ಕಡಿಮೆ ಆಳದ ಎಷ್ಟೋ ಹವಳಗಳಲ್ಲಿ ಅವುಗಳ ಕೆಲಸ ಅತಿಯಾದ ಬೆಳಕನ್ನು ತಡೆಯುವುದು. ಕೊಡೆಯ ಕೆಲಸ.

ಟ್ಯಾಂಕಿನಲ್ಲಿ ‘ಬಣ್ಣ ಬರಿಸುವುದು’ ಎಂದರೆ ಹವಳ ಕೊಡೆ ಬಿಚ್ಚುವಷ್ಟು ಬಿಸಿಲನ್ನು ಅದರ ತಲೆಯ ಮೇಲೆ ಸುರಿಯುವುದು. ಜೊತೆಗೆ ನೀರಿನ ನೈಟ್ರೇಟ್, ಫಾಸ್ಫೇಟ್‌ಗಳನ್ನು ಕಡಿಮೆ ಮಾಡಿ ಪಾಚಿಯನ್ನು ಅರೆಹೊಟ್ಟೆಯಲ್ಲಿ ಇಡುವುದು. ಆಗ ಕಂದು ಹಿಂದೆ ಸರಿದು ನೇರಳೆ ಮುಂದೆ ಬರುತ್ತದೆ. ಒಂದು ಹೆಜ್ಜೆ ಹೆಚ್ಚಾದರೆ ಮಾಸಲು, ಇನ್ನೊಂದು ಹೆಜ್ಜೆಗೆ ಬಿಳಿ. ಮೇಲಿಂದ ನೀಲಿ ಎಲ್‌ಇಡಿ ಹಾಕಿದರೆ ಇರುವ ಮಿಂಚು ಹತ್ತುಪಟ್ಟು ಕಾಣುತ್ತದೆ. ಸಂಜೆ ಏಳರ ನಂತರ ಅಣ್ಣನ ಹಾಲು ಮದುವೆ ಛತ್ರದ ಹಾಗಿರುತ್ತಿತ್ತು. ಕಂದು ಬಣ್ಣಕ್ಕೆ ತಿರುಗಿದ ಹವಳವನ್ನು ಅವನು ‘ಕೆಟ್ಟುಹೋಯ್ತು’ ಎನ್ನುತ್ತಿದ್ದ; ಅದು ಬದುಕಿತ್ತು, ಬಹುಶಃ ಮೊದಲಿಗಿಂತ ಹೊಟ್ಟೆತುಂಬ ಉಂಡು. ಪಳಗಿದವರು ಹೊಟ್ಟೆಗೂ ಬಣ್ಣಕ್ಕೂ ಹೊಂದುವ ಹದ ಹಿಡಿಯುತ್ತಾರೆ, ನಿಜ. ಆದರೆ ಸಂತೆಯಲ್ಲಿ ಬೆಲೆ ಇರುವುದು ಬಣ್ಣಕ್ಕೆ. ಹಸುವಿನ ಬಣ್ಣಕ್ಕಾಗಿ ಅದರ ಮೇವನ್ನು ಕಡಿಮೆ ಮಾಡುವವರನ್ನು ನಾವು ಏನೆನ್ನುತ್ತಿದ್ದೆವು? ‘ಸಾಕು’ ಎಂಬ ಪದ ಬಳಸಿದ್ದರೆ ಆ ಪ್ರಶ್ನೆ ತಾನಾಗಿಯೇ ಏಳುತ್ತಿತ್ತು. ‘ಬೆಳೆಸು’ ಎಂದದ್ದರಿಂದ ಏಳಲಿಲ್ಲ. ಹೂಗಿಡಕ್ಕೆ ಗೊಬ್ಬರ ಹೆಚ್ಚುಕಡಿಮೆ ಮಾಡಿದ ಹಾಗಷ್ಟೇ ಅನ್ನಿಸಿತು.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ, ಆನೆ ಇರುವ ಪಟ್ಟಿಗೆ, 2001ರಲ್ಲಿ ಕಲ್ಲುಹವಳಗಳನ್ನು ಸೇರಿಸಿದರು. ಅಲ್ಲಿ ಜಾತಿಗಳ ಹೆಸರು ಒಂದೊಂದಾಗಿ ಇಲ್ಲ, ‘ಎಲ್ಲ’ ಎಂದಿದೆ. ಸಮುದ್ರದಿಂದ ಕಿತ್ತದ್ದು, ಟ್ಯಾಂಕಿನಲ್ಲಿ ಹುಟ್ಟಿದ್ದು, ಮನ್ನಾರ್ ಕೊಲ್ಲಿಯದ್ದು, ಇಂಡೋನೇಷಿಯಾದ್ದು ಎಂಬ ಭೇದವನ್ನು ಆ ಪದ ಮಾಡುವುದಿಲ್ಲ. ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು. ಅಣ್ಣನಿಗೆ ಇದು ಗೊತ್ತಿತ್ತೇ? ಅರ್ಧ ಗೊತ್ತಿತ್ತು. ‘ನಂದು ಇಂಡೋನೇಷಿಯಾದ ಫಾರ್ಮಿನದು ಕಣೇ, ಯಾವ ಸಮುದ್ರಕ್ಕೂ ಹಾನಿ ಮಾಡಿಲ್ಲ’ ಎನ್ನುತ್ತಿದ್ದ. ಕಾಗದ ಇದೆಯಾ ಎಂದರೆ ಇಲ್ಲ. ಮಾರಿದವನು ಹೇಳಿದ್ದು, ಅಷ್ಟೇ. ಇಂಡೋನೇಷಿಯಾದಲ್ಲಿ ಹವಳದ ಫಾರ್ಮುಗಳಿರುವುದು ನಿಜ. ಅಣ್ಣನ ಕಡ್ಡಿ ಅಲ್ಲಿಂದಲೇ ಬಂತೆಂಬುದಕ್ಕೆ ಮಾತ್ರ ಯಾವ ಪುರಾವೆಯೂ ಇರಲಿಲ್ಲ.

ಅವನ ಇನ್ನೊಂದು ವಾದವನ್ನು ಸುಲಭವಾಗಿ ತಳ್ಳಿಹಾಕಲಾರೆ. ‘ನಿಮ್ಮ ಮುಂಬಯಿಯಲ್ಲಿ ರಸ್ತೆಗೋಸ್ಕರ ಹವಳ ಕಿತ್ತಿಲ್ವಾ? ಅದಕ್ಕೆ ಅನುಮತಿ, ನನ್ನ ಹೆಬ್ಬೆರಳಿನಷ್ಟು ಕಡ್ಡಿಗೆ ಜೈಲಾ?’ ಹೌದು. ಕೋಸ್ಟಲ್ ರೋಡಿಗಾಗಿ 2020ರಲ್ಲಿ ವರಳಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲಿದ್ದ 18 ಹವಳದ ಗುಂಪುಗಳನ್ನು ಬೇರೆಡೆಗೆ ಸಾಗಿಸಿದರು. ದಿನಾ ಆ ದಾರಿಯಲ್ಲಿ ಓಡಾಡುವ ನಮ್ಮಲ್ಲಿ ಬಹಳ ಮಂದಿಗೆ ಆ ಕೊಳಕು ನೀರಿನಲ್ಲಿ ಹವಳವಿತ್ತೆಂಬುದೇ ಆ ಸುದ್ದಿಯಿಂದ ತಿಳಿದದ್ದು. ಆ ರಸ್ತೆ ಬೇಕಿತ್ತೇ ಎಂಬ ಜಗಳ ಬೇರೆ. ಆದರೆ ಅಲ್ಲಿ 18 ಎಂಬ ಒಂದು ಸಂಖ್ಯೆ ಇತ್ತು. ಎಲ್ಲಿತ್ತು, ಎಲ್ಲಿಗೆ ಹೋಯಿತು, ಬದುಕಿತೇ ಎಂದು ಯಾರು ಬೇಕಾದರೂ ಕೇಳಬಹುದಿತ್ತು, ಪತ್ರಿಕೆಗಳು ಕೇಳಿದವು ಕೂಡ. ಅಣ್ಣನ ಹಾಲಿನಲ್ಲಿ ಎಷ್ಟು ಹವಳ ಬಂದವು, ಎಷ್ಟು ಸತ್ತವು ಎಂದು ಕೇಳುವವರು ಅತ್ತಿಗೆಯನ್ನು ಬಿಟ್ಟರೆ ಯಾರೂ ಇರಲಿಲ್ಲ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಅವರ ಬಡಾವಣೆಯಲ್ಲಿ ಎರಡೂವರೆ ದಿನ ಕರೆಂಟ್ ಇರಲಿಲ್ಲ. ಕೆಳಗಿನ ಪಾರ್ಕಿಂಗಿನಲ್ಲಿ ಎದೆಮಟ್ಟ ನೀರು, ಜನರೇಟರ್ ಅದರೊಳಗೆ. ಇನ್ವರ್ಟರ್ ಮೊದಲ ರಾತ್ರಿಗೇ ಮುಗಿಯಿತು. ಪಂಪು ನಿಂತರೆ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಅಣ್ಣ, ಅತ್ತಿಗೆ ಸರದಿಯ ಮೇಲೆ ಚೊಂಬಿನಿಂದ ನೀರು ಎತ್ತಿ ಸುರಿದರು. ಎರಡನೆಯ ದಿನ ಅಕ್ರೊಪೋರದ ಚರ್ಮ ಬುಡದಿಂದ ಕಿತ್ತು ನೂಲುನೂಲಾಗಿ ತೇಲಿತು, ಒಳಗಿನ ಬಿಳಿ ಕಲ್ಲು ಕಾಣಿಸಿತು. ಒಂದು ಸತ್ತರೆ ಅದು ಕೊಳೆತು ಪಕ್ಕದ್ದನ್ನು ಕೊಲ್ಲುತ್ತದೆ. ಕುಡಿಯುವ ನೀರಿಗೆ ಕ್ಯೂ ನಿಂತಿದ್ದ ಊರಿನಲ್ಲಿ ಹವಳಕ್ಕೆ ಅಳುವುದು ನಾಚಿಕೆಯಾಯಿತು ಎಂದು ಅವನು ಫೋನಿನಲ್ಲಿ ಹೇಳಿದ. ನನಗೆ ಅವನ ದುಃಖ ಸುಳ್ಳೆನಿಸಲಿಲ್ಲ. ಆ ಎರಡೂವರೆ ದಿನ ಅವನು ಬೆಳೆಸುತ್ತಿರಲಿಲ್ಲ, ಸಾಕುತ್ತಿದ್ದ.

ಸಮುದ್ರದಲ್ಲೂ ಹವಳ ಸಾಯುತ್ತಿದೆಯಲ್ಲ, ಮನೆಯಲ್ಲಾದರೂ ಉಳಿಯಲಿ ಎಂಬ ಮಾತನ್ನು ಈಚೆಗೆ ಹೆಚ್ಚು ಕೇಳುತ್ತೇನೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ನೀರಿನ ಕಾವಿಗೆ ಬಿಳಿಚಿದ್ದು ನಿಜ. ಅದೇ ವರ್ಷ ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ಘೋಷಣೆಯಾಯಿತು. ಆದರೆ ಹೆಸರಿಲ್ಲದ, ಮೂಲ ಗೊತ್ತಿಲ್ಲದ, ಬಣ್ಣಕ್ಕಾಗಿ ಆರಿಸಿದ ಹತ್ತು ಕಡ್ಡಿಗಳಿಂದ ಯಾವ ದಿಬ್ಬವನ್ನೂ ಮತ್ತೆ ಕಟ್ಟಲಾಗದು. ಇದು ರಕ್ಷಣೆಯಲ್ಲ, ಸಂಗ್ರಹ. ಸಂಗ್ರಹವನ್ನು ಸಂಗ್ರಹವೆಂದೇ ಕರೆದರೆ ನನ್ನದೇನೂ ಜಗಳವಿಲ್ಲ.

ನನ್ನ ನಿಲುವು ಇದು. ಇವತ್ತಿನ ಸ್ಥಿತಿಯಲ್ಲಿ ಭಾರತದ ಮನೆಯೊಂದರಲ್ಲಿ ಕಲ್ಲುಹವಳ ಇಡಬಾರದು, ಯಾರಾದರೂ ಕಡ್ಡಿ ಪುಕ್ಕಟೆ ಕೊಟ್ಟರೂ. ಜೈಲಿನ ಭಯ ಒಂದು ಕಾರಣ, ದೊಡ್ಡ ಕಾರಣವಲ್ಲ. ಕದ್ದು ನಡೆಯುವ ವ್ಯಾಪಾರದಲ್ಲಿ ಒಳ್ಳೆಯ ಕಡ್ಡಿಯನ್ನೂ ಕಿತ್ತ ಕಡ್ಡಿಯನ್ನೂ ಬೇರೆ ಮಾಡಲು ಕೊಳ್ಳುವವನಿಗೆ ಯಾವ ದಾರಿಯೂ ಇಲ್ಲ. ಹಾಗೆಯೇ, ‘ಎಲ್ಲ’ ಎಂಬ ಆ ಪದಕ್ಕೊಂದು ಕಿಂಡಿ ಬೇಕೆಂದೂ ನಾನು ಹೇಳುತ್ತೇನೆ. ತುಂಡಿನಿಂದ ಬೆಳೆದದ್ದೆಂದು ತೋರಿಸಬಲ್ಲ, ತಾಯಿಹವಳ ಯಾವುದೆಂದು ದಾಖಲೆಯಿರುವ, ಸತ್ತರೆ ಸತ್ತಿತೆಂದು ಬರೆದು ಕೊಡಬೇಕಾದ ನೋಂದಣಿ. ಮೊದಲು ಕಾಲೇಜು, ಸಂಶೋಧನಾ ಕೇಂದ್ರಗಳಿಗೆ, ಆಮೇಲೆ ಮನೆಗಳಿಗೆ. ಅಣ್ಣನಂಥವರ ಕೈಗೆ ಬಂದಿರುವ ವಿದ್ಯೆ ಬಚ್ಚಲುಮನೆಯ ಪಕ್ಕದಲ್ಲಿ ಗುಟ್ಟಾಗಿ ಕೊಳೆಯುವುದು ನಷ್ಟವೇ. ಆದರೆ ಆ ಕಿಂಡಿ ತೆರೆಯುವವರೆಗೆ ತೆರೆದಿದೆಯೆಂದು ನಟಿಸುವುದನ್ನು ನಾನು ಒಪ್ಪುವುದಿಲ್ಲ. ಇದನ್ನು ಹೇಳಿದಾಗ ಅಣ್ಣ ಒಂದು ತಿಂಗಳು ಫೋನ್ ಮಾಡಲಿಲ್ಲ.

ಈಗ ಅವನ ಟ್ಯಾಂಕಿನಲ್ಲಿ ಎರಡು ಕ್ಲೌನ್ ಮೀನುಗಳಿವೆ, ಟ್ಯಾಂಕಿನಲ್ಲೇ ಮರಿಯಾದವು. ನೀಲಿ ದೀಪ ತೆಗೆದಿದ್ದಾನೆ. ನಾನು ಕಳೆದ ವಾರ ಆ ಕಂಪನಿಗೆ ಒಂದು ತಿದ್ದುಪಡಿ ಕಳಿಸಿದೆ. ಜೇನುಸಾಕಣೆ ಇದ್ದ ಹಾಗೆ ‘ಹವಳ ಸಾಕಣೆ’ ಎನ್ನಬಹುದಿತ್ತು. ಅಕ್ಷರಮಿತಿಯೊಳಗೇ ಕೂರುತ್ತಿತ್ತು, ಆಗ ಹೊಳೆದಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆ, ಈ ಕೆಲಸಕ್ಕೆ ಬೇರೆ ಹಣ ಕೊಡಲಾಗದು ಎಂದು ಉತ್ತರ ಬಂದಿದೆ.